ಗಾಲಿ ತಿರುಗ್ತದ, ಟ್ರ್ಯಾಕ್ಟರ್ ಮುಂದ ಹೋಗಲ್ಲ

ಪ್ರಶ್ನೆ: ಮೇಸ್ತ್ರಿ ಕಾಕಾ, ನಮಸ್ಕಾರ. ತೊಗರಿ ರಾಶಿ ಮುಗೀತು, ಮಾಗಿ ನೇಗಿಲು ಹೊಡಿಲಾಕತ್ತೀವಿ. ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್, ಎರಡು ಕುಳದ ಪಲ್ಟಿ ನೇಗಿಲು. ಎರಿ ಹೊಲದಾಗ ಹಿಂದಿನ ಗಾಲಿ ಇದ್ದಲ್ಲೇ ಗಿರಗಿರ ತಿರುಗ್ತಾವ, ಡೀಸೆಲ್ ಬಾಳ ಕುಡಿತದ. ಟೈರಿಗೆ ನೀರು ತುಂಬಿಸು ಅಂತಾರ ಕೆಲವರು, ಗಾಲಿಗೆ ತೂಕ ಕಟ್ಟು ಅಂತಾರ ಕೆಲವರು. ಯಾವುದು ಮಾಡ್ಲಿ?
— ಓದುಗರು, ಜೇವರ್ಗಿ ತಾಲ್ಲೂಕು

ಉತ್ತರ: ತಮ್ಮಾ, ಎರಡೂ ಆಮ್ಯಾಲಿನ ಮಾತು. ಮದ್ಲ ಹವಾ ನೋಡು. ಟ್ರಾಲಿ ಎಳಿಲಿಕ್ಕ ಅಂತ ಬಿಗಿ ಹವಾ ಹೊಡಿಸಿರ್ತೀರಿ, ಅದೇ ಹವಾದಾಗ ನೇಗಿಲು ಹಚ್ತೀರಿ. ಟೈರ್ ಉಬ್ಬಿ ನಿಂತರ ನಡುವಿನ ಪಟ್ಟಿ ಅಷ್ಟೇ ನೆಲ ಹಿಡಿತದ, ಅಂಚಿನ ಹಲ್ಲು ಕೆಲಸಕ್ಕ ಬರಂಗಿಲ್ಲ. ಹೊಲದ ಕೆಲಸಕ್ಕ ಹಿಂದಿನ ಟೈರಿಗೆ 12ರಿಂದ 14 ಪೌಂಡ್ ಸಾಕು. ನಿನ್ನ ಟ್ರ್ಯಾಕ್ಟರಿನ ಪುಸ್ತಕದಾಗ ಬ್ಯಾರೆ ಲೆಕ್ಕ ಇದ್ರ ಅದೇ ಖರೆ. ಮುಂಜಾನೆ ಟೈರ್ ತಣ್ಣಗ ಇದ್ದಾಗ ಅಳಿಬೇಕು, ನಮ್ಮ ಕಲಬುರಗಿ ಬಿಸಿಲಾಗ ಮೀಟರ್ ಹೆಚ್ಚಿಗಿ ತೋರಿಸ್ತದ. ಹಂಗಂತ ತೀರಾ ಇಳಿಸಬ್ಯಾಡ. ರಿಮ್ಮಿನ ಮ್ಯಾಲ ಟೈರೇ ಸರೀತದ, ವಾಲ್ವ್ ವಾರಿ ಆಗಿ ಟ್ಯೂಬ್ ಹರೀತದ. ವಾಲ್ವ್ ನೆಟ್ಟಗ ಅದಾ ಇಲ್ಲಾ ಅಂತ ದಿನಾ ಒಮ್ಮೆ ಕಣ್ಣಾಡಿಸು.

ಈಗ ಗಾಲಿ ಎಷ್ಟು ಜಾರ್ತದ ಅಂತ ಲೆಕ್ಕ ಹಾಕು. ಹಿಂದಿನ ಟೈರಿಗೆ ಸುಣ್ಣದ ಗೆರೆ ಎಳಿ. ಹೊಲದಾಗೇ ನೇಗಿಲು ಎತ್ತಿಕೊಂಡು ಗಾಲಿ 10 ಸುತ್ತು ತಿರುಗೋತನಕ ಹೋಗು, ಶುರು ಮಾಡಿದಲ್ಲಿ, ನಿಂತಲ್ಲಿ ಎರಡೂ ಕಡಿ ಗೂಟ ಬಡಿ. ಆಮ್ಯಾಲ ಅದೇ ಗೇರಿನಾಗ ನೇಗಿಲು ಇಳಿಸಿ ಅಷ್ಟೇ ದೂರ ಹೋಗು, ಪಕ್ಕದಾಗ ಒಬ್ಬರು ದೂರ ನಿಂತು ಸುತ್ತು ಎಣಿಸಲಿ. 11ರಿಂದ ಹನ್ನೊಂದೂವರೆ ಬಂದ್ರ ಚಲೋ ಅದ, ತೂಕದ ಉಸಾಬರಿ ಬ್ಯಾಡ. 13 ಬಂದ್ರ ಅದರಾಗ 3 ಸುತ್ತು, ಅಂದ್ರ ನೂರಕ್ಕ 23 ಪಾಲು ತಿರುಗಾಟ ದಂಡ. ಹತ್ತೂವರೆಕ್ಕಿಂತ ಕಮ್ಮಿ ಬಂದ್ರ ತೂಕ ಜಾಸ್ತಿ ಆಗ್ಯಾದ ಅಂತ ತಿಳಿ. ಗೇರ್ ಬಾಕ್ಸಿಗೂ ಪೆಟ್ಟು, ಎರಿ ಮಣ್ಣೂ ಕೆಳಗ ಹೆಪ್ಪುಗಟ್ತದ. ಗಾಲಿ ಒಟ್ಟ ಜಾರಬಾರದು ಅನ್ನೋದು ತಪ್ಪು ತಿಳುವಳಿಕಿ.

ಎಣಿಸಲಿಕ್ಕ ಬ್ಯಾಸರ ಅಂದ್ರ ಹಿಂದ ಬಿದ್ದ ಗುರುತು ನೋಡು. ಹಲ್ಲಿನ ಅಚ್ಚು ಸಾಪ ಅಳಿಸಿದ್ರ ತೂಕ ಕಮ್ಮಿ. ಅಚ್ಚು ಕೊರೆದಂಗ ಸ್ವಚ್ಛ ಬಿದ್ರ ತೂಕ ಹೆಚ್ಚು. ಅಂಚಿನಾಗ ಕಾಣಿಸಿ ನಡುವ ಮಣ್ಣು ಒಡದಿದ್ರ ಸರಿ.

ನೇಗಿಲೂ ನೋಡಬೇಕಲ್ಲ. ಟಾಪ್ ಲಿಂಕ್, ಅಂದ್ರ ನೇಗಿಲನ್ನ ಟ್ರ್ಯಾಕ್ಟರಿಗೆ ಮ್ಯಾಲಿಂದ ಕೂಡಿಸೋ ಸಳಿ, ಗಿಡ್ಡ ಮಾಡಿದ್ರ ಕುಳ ಮೂತಿ ಕೆಳಗ ಮಾಡಿ ನೆಲದಾಗ ಚುಚ್ತದ, ಎಷ್ಟು ತೂಕ ಹಾಕಿದ್ರೂ ಗಾಲಿ ಜಾರತಾವ. ಬದಿಯಿಂದ ನೋಡಿದ್ರ ಚೌಕಟ್ಟು ಮಟ್ಟಸ ಇರಬೇಕು. ಇನ್ನ ಉಳುವಾಗ ಡ್ರಾಫ್ಟ್ ಲಿವರ್ ಬಳಸು. ಗಟ್ಟಿ ನೆಲ ಬಂದಾಗ ಅದು ನೇಗಿಲು ತುಸು ಎತ್ತಿ ಭಾರ ಹಿಂದಿನ ಗಾಲಿ ಮ್ಯಾಲ ಹಾಕ್ತದ. ಪುಕ್ಕಟೆ ಸಿಗೋ ತೂಕ ಬಿಟ್ಟು ರೊಕ್ಕ ಕೊಟ್ಟು ಕಬ್ಬಿಣ ತರೋದು ಯಾಕ?

ಇಷ್ಟಾದ್ರೂ 13 ಸುತ್ತೇ ಬಂದ್ರ ನೀರು ತುಂಬಿಸು. ಜಾಕ್ ಹಚ್ಚಿ ವಾಲ್ವ್ ಮ್ಯಾಲ ಬರಂಗ ನಿಲ್ಲಿಸಿದ್ರ ಮುಕ್ಕಾಲು ಟೈರ್ ತುಂಬ್ತದ. ಉಳಿದ ಜಾಗಕ್ಕ ಹವಾ. ಚಳಿ ದೇಶದಾಗ ನೀರು ಹೆಪ್ಪಾಗಬಾರದಂತ ಕ್ಯಾಲ್ಸಿಯಂ ಕ್ಲೋರೈಡ್ ಕಲಸ್ತಾರ. ನಮಗ ಅದರ ಗರಜಿಲ್ಲ, ರಿಮ್ ತಿಂತದ. ವರ್ಷದಾಗ ಬಾಳ ದಿನ ರೋಡಿನ ಮ್ಯಾಲೇ ಓಡಿಸೋದಿದ್ರ ನೀರಿಗಿಂತ ಗಾಲಿಗೆ ಬೋಲ್ಟ್ ಹಾಕೋ ಎರಕದ ತೂಕ ಚಲೋ, ಮಾಗಿ ಮುಗಿದ ಮ್ಯಾಲ ಬಿಚ್ಚಿ ಇಡಬಹುದು. ನೇಗಿಲ ಮ್ಯಾಲ ಮಾತ್ರ ಮನುಷ್ಯಾನ್ನ ನಿಲ್ಲಿಸಬ್ಯಾಡ.

ಪ್ರಶ್ನೆ: ಕಬ್ಬಿನ ಟ್ರಾಲಿ ತುಂಬಿ ಏರು ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತಕ್ಕ ಬರಲ್ಲ. ಬಂಪರ್ ಮ್ಯಾಲ ಇಬ್ಬರು ಹುಡುಗರನ್ನ ಕೂಡಿಸ್ತೀವಿ. ನಡೀತದೇನ್ರಿ?
— ಹಿರಿಯ ಓದುಗರು, ಭಾಲ್ಕಿ

ಉತ್ತರ: ನಡಿಯಂಗಿಲ್ರಿ ಗೌಡ್ರೇ. ಹುಡುಗರನ್ನ ಇವತ್ತೇ ಇಳಿಸ್ರಿ, ಮುಂದ ಎರಕದ ತೂಕ ಹಾಕಿಸ್ರಿ. ಎರಡು ಗಾಲಿ ಟ್ರಾಲಿ ಇದ್ರ ಕಬ್ಬು ಮುಂದಕ್ಕ ಒಟ್ಟಬ್ಯಾಡ್ರಿ, ಅದರ ಭಾರ ಎಲ್ಲಾ ಕೊಂಡಿ ಮ್ಯಾಲ ಬೀಳ್ತದ. ಪಿನ್ನು ಕೆಳಗಿನ ಡ್ರಾಬಾರಿಗೇ, ಅಂದ್ರ ಟ್ರಾಲಿ ಎಳಿಯೋ ಪಟ್ಟಿಗೇ ಇರಲಿ. ಟಾಪ್ ಲಿಂಕಿನ ಜಾಗಕ್ಕ ಕಟ್ಟಿ ಎಳೆದ್ರ ಟ್ರ್ಯಾಕ್ಟರ್ ಮುಂಗಾಲು ಎತ್ತಿ ಹಿಂದಕ್ಕ ಬೀಳ್ತದ, ಕ್ಲಚ್ ತುಳಿಲಿಕ್ಕೂ ಪುರಸೊತ್ತು ಸಿಗಲ್ಲ.