ತಿನಿಸಿನ ನಡಿಗೆ, ಸಂಜೆಗೆ ನಾಟಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇರೊಂದು ನಗರಕ್ಕೆ ನಾವಿಬ್ಬರೂ ಹೋಗುತ್ತಿದ್ದೇವೆ. ಬೆಳಿಗ್ಗೆ 11ಕ್ಕೆ ಮಾರ್ಗದರ್ಶಕರ ಜೊತೆ ಅಂಗಡಿಯಿಂದ ಅಂಗಡಿಗೆ ಹೋಗಿ ರುಚಿ ನೋಡುವ ತಿನಿಸಿನ ನಡಿಗೆ, ಸಂಜೆ 7.30ಕ್ಕೆ ನಾಟಕ. ಅಷ್ಟೆಲ್ಲ ತಿಂದು ನಾಟಕದಲ್ಲಿ ತೂಕಡಿಸಿದರೆ ದುಡ್ಡು ದಂಡ. ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ನಾಟಕದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 7.30ಕ್ಕೆ ಪರದೆ ಏಳುವುದಾದರೆ 7ಕ್ಕೆ ರಂಗಮಂದಿರದ ಬಾಗಿಲಲ್ಲಿರಬೇಕು. ಎಣ್ಣೆ, ಬೆಣ್ಣೆ ತುಂಬಿದ ಭಾರದ ಊಟ ಹೊಟ್ಟೆಯಿಂದ ಕೆಳಗಿಳಿಯಲು ನಾಲ್ಕು ತಾಸಾದರೂ ಹಿಡಿಯಬಹುದು. ಕೊಬ್ಬು ಹೆಚ್ಚಿದಷ್ಟೂ ನಿಧಾನ. ಹಾಗಾಗಿ 2.30ರೊಳಗೆ ನಡಿಗೆ ಮುಗಿಯಬೇಕು.

ಇಂಥ ನಡಿಗೆಗಳಲ್ಲಿ ಸಾಮಾನ್ಯವಾಗಿ ಐದಾರು ಕಡೆ ನಿಲ್ಲಿಸುತ್ತಾರೆ. ಕೈಗೆ ಬಂದದ್ದು ರುಚಿ ನೋಡುವಷ್ಟೇ ಅನ್ನಿಸುತ್ತದೆ. ಆದರೆ ಒಂದೊಂದು ಕಡೆ 80 ಗ್ರಾಂ ಎಂದುಕೊಂಡರೂ ಆರು ಕಡೆಗೆ 480 ಗ್ರಾಂ ಆಯಿತು, ಪಾನೀಯ ಬೇರೆ. ಅದು ಮಧ್ಯಾಹ್ನದ ಪೂರ್ತಿ ಊಟ. ಇಬ್ಬರಿದ್ದೀರಲ್ಲ, ಒಂದೇ ತಟ್ಟೆ ಹಂಚಿಕೊಳ್ಳಿ.

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಎರಡು ಅಂಗಡಿಗಳಲ್ಲೇ. ಖಾಲಿ ಹೊಟ್ಟೆಯಲ್ಲಿ ಬಂದವರು ಅಲ್ಲಿ ತಟ್ಟೆ ಬಳಿದು ತಿನ್ನುತ್ತಾರೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎಂಥ ತಿನಿಸೂ ನಾಲಿಗೆಗೆ ಹತ್ತುವುದಿಲ್ಲ. ಬೆಳಿಗ್ಗೆ 8ರ ಸುಮಾರಿಗೆ ಸಣ್ಣದಾಗಿ ಏನಾದರೂ ತಿಂದುಕೊಂಡೇ ಹೊರಡಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿ ಬಂದಾಗ ಮತ್ತೆ ಚಿಗುರುತ್ತದೆ. ಆದ್ದರಿಂದ ಮೂರು ನಾಲ್ಕು ತುತ್ತಿಗೆ ಕೈ ತಡೆಯಿರಿ. ಕರಿದದ್ದೇ ಸಾಲುಸಾಲಾಗಿ ಬಂದರೆ ನಡುವೆ ಹುಳಿಯದೋ ಹಸಿಯದೋ ಒಂದನ್ನು ಕೇಳಿ ಪಡೆಯಿರಿ. ಖಾರ ನೆತ್ತಿಗೇರಿದರೆ ನೀರು ಕುಡಿದು ಪ್ರಯೋಜನವಿಲ್ಲ, ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವಂಥದ್ದಲ್ಲ. ಹಾಲು, ಮೊಸರಿನಲ್ಲಿರುವ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ.

2.30ರ ನಂತರದ ಹೊತ್ತನ್ನು ಖಾಲಿ ಬಿಡಿ. ‘ಇನ್ನೊಂದು ಜಾಗ ನೋಡಿಬಿಡೋಣ’ ಎಂದು ತುರುಕುವವರೇ ಸಂಜೆ ತೂಕಡಿಸುವುದು. ಮಧ್ಯಾಹ್ನದ ಮಂಕಿಗೆ ಊಟವೊಂದೇ ಕಾರಣವಲ್ಲ, ಆ ಹೊತ್ತಿಗೆ ದೇಹದ ಗಡಿಯಾರವೇ ಎಚ್ಚರವನ್ನು ತಗ್ಗಿಸುತ್ತದೆ. ಕೋಣೆಗೆ ಹೋಗಿ 20 ನಿಮಿಷ ಅಲಾರಂ ಇಟ್ಟು ಮಲಗಿ. ಗಂಟೆಗಿಂತ ಹೆಚ್ಚು ಮಲಗಿದರೆ ಎದ್ದ ಮೇಲೂ ಮಂಪರು ಹರಿಯುವುದಿಲ್ಲ.

ದಿನವಿಡೀ ಉಪ್ಪು ಹೆಚ್ಚಾಗಿ ಹೋಗಿರುತ್ತದೆ, ದಾಹ ಆಮೇಲೆ ಕಾಡುತ್ತದೆ. 3ರಿಂದ 6ರವರೆಗೆ ಚೆನ್ನಾಗಿ ನೀರು ಕುಡಿದು, ನಂತರ ಗುಟುಕಿಗೆ ಇಳಿಸಿ. ಇಲ್ಲದಿದ್ದರೆ ಮಧ್ಯಂತರದ 15–20 ನಿಮಿಷವೆಲ್ಲ ಶೌಚಾಲಯದ ಸಾಲಿನಲ್ಲೇ ಕಳೆಯುತ್ತದೆ. 6ಕ್ಕೆ ಒಂದು ಹಣ್ಣೋ ಎರಡು ತುಂಡು ಬ್ರೆಡ್ಡೋ ತಿನ್ನಿ. ಮಧ್ಯಾಹ್ನ ತಿಂದದ್ದೇ ಸಾಕೆಂದು ಹಾಗೇ ಹೋದರೆ ಎರಡನೆಯ ಭಾಗದಲ್ಲಿ ಮನಸ್ಸು ನಾಟಕದ ಮೇಲಿರುವುದಿಲ್ಲ, ಊಟದ ಮೇಲಿರುತ್ತದೆ. ಹೊರಡುವ ಮುಂಚೆ ಬಟ್ಟೆ ಬದಲಿಸಿ. ಕರಿದೆಣ್ಣೆಯ ಹೊಗೆ ಬಟ್ಟೆಗೆ ಹಿಡಿದರೆ ಪಕ್ಕದ ಆಸನದವರು ಆಟ ಮುಗಿಯುವವರೆಗೂ ಅದನ್ನು ಸಹಿಸಿಕೊಂಡು ಕೂರಬೇಕು.

ಪ್ರಶ್ನೆ: ನಮಗೆ ಸಿಕ್ಕಿರುವುದು ಮಧ್ಯಾಹ್ನ 2.30ರ ಪ್ರದರ್ಶನ. ಬೆಳಿಗ್ಗೆಯೇ ನಡಿಗೆ ಮುಗಿಸಿಕೊಳ್ಳಬಹುದೇ?

ಉತ್ತರ: ಬೇಡ. ನಡಿಗೆಯಿಂದ ನೇರ ಆಸನಕ್ಕೆ ಓಡಿದರೆ ತುಂಬಿದ ಹೊಟ್ಟೆ, ಮಧ್ಯಾಹ್ನದ ಮಂಕು, ಕತ್ತಲು ಮೂರೂ ಒಟ್ಟಿಗೆ ಬೀಳುತ್ತವೆ. 12ಕ್ಕೆ ಹಗುರ ಊಟ ಮಾಡಿ ನಾಟಕ ನೋಡಿ, 6ರ ನಂತರ ನಡಿಗೆಗೆ ಹೋಗಿ. ಆಯ್ಕೆ ನಿಮ್ಮ ಕೈಲಿದ್ದರೆ ನಾವು ಹೇಳುವುದೂ ಇದೇ ಕ್ರಮವನ್ನು: ಹಸಿವು ತಾನಾಗಿ ಬಂದಿರುತ್ತದೆ, ನೋಡಿದ ನಾಟಕದ ಮಾತು ಪ್ರತಿ ತಟ್ಟೆಯ ಜೊತೆಗೂ ಸಾಗುತ್ತದೆ. ಮಾರುಕಟ್ಟೆ ಸುತ್ತಿಸುವ ನಡಿಗೆಗಳು ಮಾತ್ರ ಬೆಳಗಿನವೇ. ಸಂಜೆಗೆ ಆ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಮೊದಲು ನಾಟಕದ ಟಿಕೆಟ್, ಆಮೇಲೆ ನಡಿಗೆ. ನಾಟಕಕ್ಕೆ ರಜಾದಿನಗಳಿರುತ್ತವೆ. ನ್ಯೂಯಾರ್ಕಿನ ನಾಟಕ ಕೇಂದ್ರ ಬ್ರಾಡ್‌ವೇಯಲ್ಲಿ ಹೆಚ್ಚಿನ ನಾಟಕಗಳಿಗೆ ಸೋಮವಾರ ರಜೆ, ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ಭಾನುವಾರ.

ಪ್ರಶ್ನೆ: ನಾಟಕದ ಭಾಷೆ ನಮಗೆ ಬಾರದು. ವೇದಿಕೆಯ ಮೇಲ್ಗಡೆ ಅನುವಾದದ ಸಾಲುಗಳು ಬರುತ್ತವಂತೆ. ಮುಂದಿನ ಸಾಲಿನಲ್ಲೇ ಕೂರುವುದು ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಮುಂದೆ ಕುಳಿತರೆ ಸಾಲು ಓದಲು ಪ್ರತಿ ಸಲವೂ ಕತ್ತು ಎತ್ತಬೇಕು. ಕತ್ತು ಇಳಿಸುವಷ್ಟರಲ್ಲಿ ನಟನ ಮುಖದ ಭಾವ ಬದಲಾಗಿರುತ್ತದೆ. ವೇದಿಕೆ ಎತ್ತರವಾಗಿದ್ದರೆ ಹಿಂದೆ ನಡೆಯುವುದು ಕಾಣುವುದೇ ಇಲ್ಲ. ಸಭಾಂಗಣದ ನಡುಭಾಗದಲ್ಲೋ ಬಾಲ್ಕನಿಯ ಮೊದಲ ಸಾಲಿನಲ್ಲೋ ಕೂತರೆ ಬರಹವೂ ವೇದಿಕೆಯೂ ಒಂದೇ ನೋಟಕ್ಕೆ ಸಿಗುತ್ತವೆ. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳು ಬೇಡ, ಮೇಲಿನ ಚಾವಣಿಯೇ ಬರಹವನ್ನು ಮರೆಮಾಡುತ್ತದೆ. ತೀರಾ ಪಕ್ಕದ ಆಸನಗಳೂ ಅಷ್ಟೇ: ನೀವು ಕೂತ ಬದಿಯ ರಂಗದ ಮೂಲೆ ಚೌಕಟ್ಟಿನ ಹಿಂದೆ ಮರೆಯಾಗುತ್ತದೆ. ‘ನೋಟಕ್ಕೆ ಅಡ್ಡಿಯಿದೆ’ ಎಂದು ಬರೆದು ಅಗ್ಗಕ್ಕೆ ಮಾರುವ ಆಸನದ ಮುಂದೆ ಕಂಬವೋ ಕಟಕಟೆಯೋ ಇರಬಹುದು. ಕಥೆಯ ಸಾರಾಂಶವನ್ನು ಮೊದಲೇ ಓದಿಕೊಳ್ಳಿ. ಆಗ ಬರಹ ತಪ್ಪಿದರೂ ಎಳೆ ತಪ್ಪುವುದಿಲ್ಲ.

ಪ್ರಶ್ನೆ: ಒಬ್ಬರು ಸಸ್ಯಾಹಾರಿ, ಇನ್ನೊಬ್ಬರಿಗೆ ಕಡಲೆಕಾಯಿ ಅಲರ್ಜಿ. ನಡಿಗೆಗೆ ಸೇರಬಹುದೇ?

ಉತ್ತರ: ಸೇರಬಹುದು, ಆದರೆ ಹೆಸರು ಬರೆಸುವಾಗಲೇ ಎರಡನ್ನೂ ತಿಳಿಸಿ. ಮೊದಲ ಅಂಗಡಿಯೆದುರು ನಿಂತು ಹೇಳಿದರೆ ಮಾರ್ಗದರ್ಶಕರು ದಾರಿ ಬದಲಿಸಲಾಗುವುದಿಲ್ಲ. ‘ಮಾಂಸ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಸೂಪು ಎಲುಬು ಬೇಯಿಸಿದ ನೀರಿನದ್ದಿರಬಹುದು, ಸಿಹಿಯಲ್ಲಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜಿಲಾಟಿನ್ ಇರಬಹುದು. ಅಲರ್ಜಿಯವರು ಕೇಳಬೇಕಾದದ್ದು ಬಾಣಲೆಯ ಬಗ್ಗೆ: ಯಾವ ಎಣ್ಣೆ, ಅದರಲ್ಲೇ ಇನ್ನೇನೇನು ಕರಿಯುತ್ತಾರೆ? ಪ್ರಶ್ನೆಯನ್ನು ಸ್ಥಳೀಯ ಭಾಷೆಯಲ್ಲಿ ಚೀಟಿಯ ಮೇಲೆ ಬರೆಸಿಟ್ಟುಕೊಂಡು ಅಡುಗೆಯವರಿಗೇ ತೋರಿಸಿ. ವೈದ್ಯರು ಕೊಟ್ಟ ತುರ್ತು ಔಷಧಿ ಕೋಣೆಯಲ್ಲಲ್ಲ, ಜೊತೆಯಲ್ಲೇ ಇರಲಿ. ಉತ್ತರ ಅನುಮಾನವೆನಿಸಿದರೆ ಆ ಅಂಗಡಿ ಬಿಟ್ಟುಬಿಡಿ.

ಪ್ರಶ್ನೆ: ಉಳಿದ ತಿನಿಸನ್ನು ಕಟ್ಟಿಸಿಕೊಂಡು ನಾಟಕ ಮುಗಿದ ಮೇಲೆ ತಿನ್ನಬಹುದೇ?

ಉತ್ತರ: ಒಣ ಬಿಸ್ಕತ್ತು, ಹುರಿದ ಬೀಜದಂಥವನ್ನು ತಿನ್ನಬಹುದು. ಹಾಲು, ಮೊಟ್ಟೆ, ಮಾಂಸ ಅಥವಾ ಬೇಯಿಸಿದ ಅನ್ನವಿದ್ದರೆ ಹೊರಗಿನ ತಾಪದಲ್ಲಿ ಎರಡು ತಾಸು ಮೀರಬಾರದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ಕೋಣೆಯಲ್ಲಿ ಫ್ರಿಜ್ ಇದ್ದರೆ ಆ ಮಿತಿ ಮೀರದಿರುವುದನ್ನು 2.30ಕ್ಕೆ ಮರಳಿದ ಕೂಡಲೇ ಅದರಲ್ಲಿಡಿ. ರಂಗಮಂದಿರಕ್ಕೆ ಪೊಟ್ಟಣ ಒಯ್ಯಬೇಡಿ. ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ವಾದ ಮಾಡುತ್ತ ನಿಂತರೆ ಆರಂಭದ ದೃಶ್ಯ ಕೈತಪ್ಪುತ್ತದೆ. ತಡವಾಗಿ ಬಂದವರನ್ನು ಮಧ್ಯಂತರದವರೆಗೆ ಹೊರಗೇ ನಿಲ್ಲಿಸುವ ರಂಗಮಂದಿರಗಳಿವೆ. ಕೆಮ್ಮಿನ ಗುಳಿಗೆ ಇಟ್ಟುಕೊಳ್ಳಬಹುದು, ಅದರ ಹಾಳೆಯನ್ನು ಮಾತ್ರ ದೀಪ ಆರುವ ಮುಂಚೆಯೇ ಬಿಡಿಸಿಡಿ.