ಜಿ-ಎಚ್ ಕಂಡ ಕಡೆ ಮೊದಲು ‘ಟಿ’ ಇದೆಯೇ ನೋಡಿ

ಇಂಗ್ಲಿಷಿನ ಜಿ-ಎಚ್ ಜೋಡಿಯ ಬಗ್ಗೆ ಪ್ರತಿ ಪರೀಕ್ಷೆಯ ಹೊತ್ತಿಗೂ ಇವೇ ಪ್ರಶ್ನೆಗಳು ಬರುತ್ತವೆ. ಜೊತೆಗೆ ವಾಟ್ಸಾಪ್‌ನಲ್ಲಿ ಹರಿದಾಡುವ ಅವೇ ತಪ್ಪು ಪಟ್ಟಿಗಳೂ ಬರುತ್ತವೆ. ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿದ್ದೇನೆ, ಉಳಿದವಕ್ಕೆ ಬೇಕಾದಷ್ಟು.

ಪ್ರಶ್ನೆ: ಒ-ಯು-ಜಿ-ಎಚ್ ಒಂದು ಕಡೆ ‘ಓ’, ಇನ್ನೊಂದು ಕಡೆ ‘ಊ’, ಮತ್ತೊಂದು ಕಡೆ ‘ಅಫ್’. ಇದಕ್ಕೆ ನಿಯಮ ಇದೆಯೇ, ಬಾಯಿಪಾಠವೇ ಗತಿಯೇ? ಬಾಟ್, ಬ್ರಾಟ್ ಕೂಡ ಪ್ರತಿ ಸಲ ಅದಲುಬದಲಾಗುತ್ತವೆ.

ಎಲ್ಲಕ್ಕೂ ಒಂದೇ ನಿಯಮ ಇಲ್ಲ. ಆದರೆ ಎಚ್ ಆದ ಮೇಲೆ ಟಿ ಇದೆಯೇ ಎಂದು ನೋಡಿಕೊಂಡರೆ ಗೊಂದಲದ ಬಹುಪಾಲು ಅಲ್ಲೇ ತೀರುತ್ತದೆ.

ಟಿ ಇದ್ದರೆ ಉಚ್ಚಾರ ‘ಆಟ್’: ಬಾಟ್ ಅಂದರೆ ಕೊಂಡ, ಬ್ರಾಟ್ ತಂದ, ಥಾಟ್ ಯೋಚಿಸಿದ, ಫಾಟ್ ಕಾದಾಡಿದ, ಸಾಟ್ ಅರಸಿದ, ನಾಟ್ ಸೊನ್ನೆ. ಗೇಟು, ಗ್ರಿಲ್ಲುಗಳ ರಾಟ್ ಐರನ್‌ನಲ್ಲಿರುವ ರಾಟ್ ಕೂಡ ಇದೇ ಗುಂಪಿನದು. ಅದರ ಅರ್ಥ ರೂಪಿಸಿದ. ಮೊದಲಿನ ಡಬ್ಲ್ಯು ಉಚ್ಚಾರಕ್ಕೆ ಬರುವುದಿಲ್ಲ. ಅಪವಾದಗಳಲ್ಲಿ ಎರಡನ್ನು ನೆನಪಿಡಿ: ಬರಗಾಲ ಎಂಬ ಅರ್ಥದ ‘ಡ್ರೌಟ್’, ಎದೆಗಾರ ಎಂಬ ಅರ್ಥದ ‘ಡೌಟಿ’. ಬರಪೀಡಿತ ತಾಲ್ಲೂಕುಗಳ ಸುದ್ದಿ ಓದುವವರು ಇನ್ನಾದರೂ ‘ಡ್ರಾಟ್’ ಎನ್ನುವುದನ್ನು ಬಿಡಬೇಕು. ಒ ಇದ್ದಲ್ಲಿ ಎ ಬಂದರೆ ಅದು ಬೇರೆಯೇ ಪದ, ‘ಡ್ರಾಫ್ಟ್’: ಕಿಟಕಿ ಸಂದಿಯಿಂದ ಬರುವ ಗಾಳಿ, ಪೀಪಾಯಿಯಿಂದ ಇಳಿಸಿದ ಬಿಯರು ಎಂಬ ಅರ್ಥಗಳು.

ಬಾಟ್-ಬ್ರಾಟ್ ಗೊಂದಲಕ್ಕೆ ಮೂಲ ಕ್ರಿಯಾಪದವನ್ನು ಕೇಳಿ. ಬ್ರಿಂಗ್‌ನಲ್ಲಿ ಆರ್ ಇದೆ, ಬ್ರಾಟ್‌ನಲ್ಲೂ ಇದೆ. ಬೈ ಎಂಬುದರಲ್ಲಿ ಆರ್ ಇಲ್ಲ, ಬಾಟ್‌ನಲ್ಲೂ ಇಲ್ಲ. ಒ ಬರೆಯಬೇಕೋ ಎ ಬರೆಯಬೇಕೋ ಎಂಬ ಸಂಶಯಕ್ಕೂ ಮದ್ದು ಅಲ್ಲೇ ಇದೆ. ಕ್ಯಾಚ್, ಟೀಚ್ ಎರಡರಲ್ಲೂ ಎ ಇದೆ, ಆದ್ದರಿಂದ ಕಾಟ್, ಟಾಟ್ ಬರೆಯುವಾಗ ಎ-ಯು. ಬೈ, ಬ್ರಿಂಗ್, ಥಿಂಕ್, ಸೀಕ್, ಫೈಟ್ ಯಾವುದರಲ್ಲೂ ಎ ಇಲ್ಲ, ಅಲ್ಲೆಲ್ಲ ಒ-ಯು. ಇಷ್ಟು ತಿಳಿದರೆ ಹತ್ತನೇ ತರಗತಿಯಿಂದ ಬ್ಯಾಂಕ್ ಪರೀಕ್ಷೆಯವರೆಗೆ ಈ ತಪ್ಪು ಆಗಬಾರದು.

ಟಿ ಇಲ್ಲದವುಗಳಲ್ಲಿ ‘ಫ್’ ಧ್ವನಿ ಬರುವವು ಬೆರಳೆಣಿಕೆಯಷ್ಟು. ರಫ್, ಟಫ್, ಇನಫ್ ನಿಮಗೆ ಗೊತ್ತು. ಸ್ಲಫ್ ಎಂದರೆ ಹಾವು ಬಿಟ್ಟ ಪೊರೆ. ಚಫ್ ಹಿಮಾಲಯದಲ್ಲಿ ಕಾಣುವ, ಕೆಂಪು ಕಾಲಿನ ಕಾಗೆ ಜಾತಿಯ ಹಕ್ಕಿ. ಕೆಮ್ಮು ‘ಕಾಫ್’, ಅದರ ಜೊತೆಗಾರ ‘ಟ್ರಾಫ್’. ಈ ಎರಡರ ಸ್ವರವನ್ನು ಕನ್ನಡ ಲಿಪಿ ಪೂರ್ತಿ ತೋರಿಸಲಾರದು, ಅದು ಆ ಮತ್ತು ಒ ನಡುವಿನ ಗಿಡ್ಡ ಸ್ವರ. ನಿಘಂಟಿನ ಆ್ಯಪ್‌ನಲ್ಲಿ ಒಮ್ಮೆ ಕೇಳಿಯೇ ಕಲಿಯಿರಿ. ಟ್ರಾಫ್ ಎಂದರೆ ದನಗಳಿಗೆ ಕಲಗಚ್ಚು ಇಡುವ ಬಾನಿ. ಮುಂಗಾರಿನಲ್ಲಿ ಕೇರಳ-ಕರ್ನಾಟಕ ಕರಾವಳಿಯುದ್ದಕ್ಕೂ ಆಫ್‌ಶೋರ್ ಟ್ರಾಫ್ ಇದೆ ಎಂದು ಹವಾಮಾನ ಇಲಾಖೆ ಹೇಳುವುದೂ ಇದನ್ನೇ: ಕಡಿಮೆ ಒತ್ತಡದ ಉದ್ದನೆಯ ಪಟ್ಟಿ. ‘ಟ್ರಫ್’ ಅಲ್ಲ.

ಉಳಿದವುಗಳಲ್ಲಿ ಜಿ-ಎಚ್ ಸದ್ದು ಮಾಡುವುದಿಲ್ಲ. ಡೋ ಎಂದರೆ ಕಲಸಿದ ಹಿಟ್ಟು, ಫರ್ಲೋ ಎಂದರೆ ಸೈನಿಕನಿಗೋ ಕೈದಿಗೋ ಸಿಗುವ ರಜೆ. ಬೌ ಮರದ ದೊಡ್ಡ ಕೊಂಬೆ, ಪ್ಲೌ ನೇಗಿಲು. ಹೆಚ್ಚು ಕಾಡುವುದು ದೋ, ಥ್ರೂ, ಥರ ಎಂಬ ಮೂರು. ಆರ್ ಇಲ್ಲದಿದ್ದರೆ ದೋ, ಅಂದರೆ ಆದರೂ. ಟಿ-ಎಚ್‌ಗೆ ಆರ್ ಅಂಟಿಕೊಂಡಿದ್ದರೆ ಥ್ರೂ, ಅಂದರೆ ಮೂಲಕ. ನಡುವೆ ಒಂದು ಒ ಹೊಕ್ಕಿದ್ದರೆ ಥರ, ಅಂದರೆ ಕೂಲಂಕಷ; ಅಮೆರಿಕದವರು ಇದನ್ನು ಥರೋ ಎನ್ನುತ್ತಾರೆ. ಈ ಮೂರನ್ನೂ ಒಂದೇ ದಿನ ಕಲಿಯಬೇಡಿ, ಒಂದರ ರೂಪ ಇನ್ನೊಂದರ ಮೇಲೆ ಕೂತುಬಿಡುತ್ತದೆ. ಒಂದೊಂದರಲ್ಲಿ ಸ್ವಂತ ವಾಕ್ಯ ಬರೆದು, ಅದು ತಪ್ಪಿಲ್ಲದೆ ಬರತೊಡಗಿದ ಮೇಲೆ ಮುಂದಿನದಕ್ಕೆ ಹೋಗಿ.

ಹೀಗಾಗಿದ್ದಕ್ಕೆ ಕಾರಣವೂ ಇದೆ. ಜಿ-ಎಚ್ ಒಂದು ಕಾಲಕ್ಕೆ ಗಂಟಲಿನ ‘ಖ್’ ಉಸಿರನ್ನು ಸೂಚಿಸುತ್ತಿತ್ತು. ಜರ್ಮನಿಯಲ್ಲಿರುವ ಕನ್ನಡಿಗರು ಅದನ್ನು ದಿನವೂ ಕೇಳುತ್ತಾರೆ: ಇಂಗ್ಲಿಷಿನ ನೈಟ್ ಅಲ್ಲಿ ನಾಖ್ಟ್, ಡಾಟರ್ ಅಲ್ಲಿ ಟೊಖ್ಟರ್. ಇಂಗ್ಲಿಷಿನಲ್ಲಿ ಆ ಧ್ವನಿ ಕೆಲವು ಪದಗಳಲ್ಲಿ ಸತ್ತಿತು, ಕೆಲವದರಲ್ಲಿ ‘ಫ್’ ಆಯಿತು. ಬದಲಾವಣೆ ಮುಗಿಯುವ ಮೊದಲೇ ಮುದ್ರಣ ಬಂದು ಕಾಗುಣಿತ ಗಟ್ಟಿಯಾಗತೊಡಗಿತ್ತು. ಡಿಲೈಟ್‌ನ ಜಿ-ಎಚ್ ಮಾತ್ರ ಹಾಗೆ ಬಂದದ್ದಲ್ಲ. ಆ ಪದ ಫ್ರೆಂಚಿನಿಂದ ಬಂದದ್ದು, ಲೈಟ್ ಪದವನ್ನು ನೋಡಿ ಆಮೇಲೆ ತುರುಕಿದ್ದು.

ಪ್ರಶ್ನೆ: ಇನಫ್‌ನ ಜಿ-ಎಚ್, ವಿಮೆನ್‌ನ ಒ, ನೇಷನ್‌ನ ಟಿ-ಐ ಸೇರಿಸಿ ಜಿ-ಎಚ್-ಒ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದೆಂದು ಬರ್ನಾರ್ಡ್ ಷಾ ತೋರಿಸಿಕೊಟ್ಟರಂತೆ?

ಈ ಸುಳ್ಳನ್ನು ದಯವಿಟ್ಟು ಹಂಚಬೇಡಿ. ಈ ಚಮತ್ಕಾರ 1855ರ ಒಂದು ಪತ್ರದಲ್ಲೇ ಇದೆ, ಷಾ ಹುಟ್ಟಿದ್ದು 1856ರಲ್ಲಿ. ವಾದವೂ ತಪ್ಪು. ಪದದ ಮೊದಲಿಗೆ ಬಂದ ಜಿ-ಎಚ್ ಎಂದೂ ‘ಫ್’ ಆಗುವುದಿಲ್ಲ. ಟಿ-ಐ ಕೂಡ ನೇಷನ್‌ನಲ್ಲಿರುವಂತೆ ಮುಂದೆ ಸ್ವರ ಬಂದಾಗ ಮಾತ್ರ ‘ಶ್’ ಆಗುತ್ತದೆ, ಪದದ ಕೊನೆಯಲ್ಲಿ ಆಗುವುದಿಲ್ಲ. ಇಂಗ್ಲಿಷಿಗೆ ನಿಯಮವೇ ಇಲ್ಲ ಎಂದು ಮಕ್ಕಳನ್ನು ನಂಬಿಸುವುದರಿಂದ ಅವರು ಇರುವ ನಿಯಮವನ್ನೂ ಹುಡುಕುವುದಿಲ್ಲ.

ಪ್ರಶ್ನೆ: ಗೋಸ್ಟ್‌ನಲ್ಲಿ ಎಚ್ ಯಾಕೆ?

1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್‌ಟನ್‌ನ ಕಾಲದಲ್ಲಿ ಫ್ಲೆಮಿಶ್ ರೂಢಿಯಿಂದ ಸೇರಿದ್ದು. ಓದುವಾಗ ಬರೀ ‘ಗ’.

ಪ್ರಶ್ನೆ: ಏಳು ದಿನದಲ್ಲಿ ಐದು ಸಾವಿರ ಪದ ಕಲಿಸುವ ಆನ್‌ಲೈನ್ ಕೋರ್ಸ್‌ಗೆ ಸೇರಬಹುದೇ?

ಬೇಡ. ದಿನಕ್ಕೆ ಏಳುನೂರಕ್ಕೂ ಹೆಚ್ಚು ಪದ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ನಿಘಂಟು ಕೊಳ್ಳಿ.

ಪ್ರಶ್ನೆ: ಪ್ಲೌ ಪದವನ್ನು ಡಬ್ಲ್ಯು ಹಾಕಿ, ಥ್ರೂ ಪದವನ್ನು ನಾಲ್ಕೇ ಅಕ್ಷರದಲ್ಲಿ ಬರೆದರೆ ಅಂಕ ಹೋಗುತ್ತದೆಯೇ?

ಮೊದಲನೆಯದು ಅಮೆರಿಕದಲ್ಲಿ ಸರಿ, ನಮ್ಮ ಪಠ್ಯಗಳ ಬ್ರಿಟಿಷ್ ಕಾಗುಣಿತದಲ್ಲಿ ಅಲ್ಲ. ಎರಡನೆಯದು ಬೋರ್ಡು, ಮೆಸೇಜುಗಳಿಗಷ್ಟೇ. ಉತ್ತರಪತ್ರಿಕೆಯಲ್ಲಿ ಎರಡನ್ನೂ ಬರೆಯಬೇಡಿ.

ಪ್ರಶ್ನೆ: ಬಿಕ್ಕಳಿಕೆಯ ಇಂಗ್ಲಿಷ್ ಪದಕ್ಕೆ ಕೊನೆಯಲ್ಲಿ ಒ-ಯು-ಜಿ-ಎಚ್ ಇರುವ ಕಾಗುಣಿತ ಕಂಡೆ. ‘ಹಿಕಾಫ್’ ಎಂದು ಓದಬೇಕೇ?

ಇಲ್ಲ, ಹಿಕಪ್ ಎಂದೇ. ಬಿಕ್ಕಳಿಕೆಗೂ ಕೆಮ್ಮಿಗೂ ನಂಟಿದೆ ಎಂದು ಯಾರೋ ತಪ್ಪಾಗಿ ಊಹಿಸಿ ಹುಟ್ಟಿದ ಕಾಗುಣಿತ ಅದು. ಪಿ ಹಾಕಿಯೇ ಬರೆಯಿರಿ.