ಚಳಿಗಾಲದ ಪ್ರವಾಸಕ್ಕೆ ಹೊಸ ನಾಯಿಯನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಮೂರು ವಾರಗಳ ಹಿಂದೆ ಪ್ರಾಣಿಗಳ ಆಶ್ರಯಧಾಮವೊಂದರಿಂದ ಸುಮಾರು ಎರಡು ವರ್ಷದ ಹೆಣ್ಣು ನಾಯಿಯೊಂದನ್ನು ಮನೆಗೆ ತಂದಿದ್ದೇವೆ. ಚೆನ್ನಾಗಿ ತಿನ್ನುತ್ತದೆ, ದಿನವಿಡೀ ನಮ್ಮ ಹಿಂದೆಯೇ ಸುತ್ತುತ್ತದೆ. ಆದರೆ ಹೊರಗಿನವರು ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಅದು ಬರುವುದಕ್ಕೆ ಮೊದಲೇ ನಾವು ಚಳಿಗಾಲದ ಒಂದು ವಾರಾಂತ್ಯಕ್ಕೆಂದು ಬೆಟ್ಟದ ಮೇಲಿನ ಕಾಟೇಜೊಂದನ್ನು ಕಾಯ್ದಿರಿಸಿದ್ದೆವು. ಎರಡು ರಾತ್ರಿಯ ವಾಸ, ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಅದನ್ನು ಬಿಟ್ಟು ನಾವು ಬರುವುದಿಲ್ಲ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಪರಿಚಯದವರ ಮನೆಯಲ್ಲಿ ಬಿಟ್ಟು ಹೋಗೋಣ ಎಂದು ನನ್ನ ಪತಿ ಹೇಳುತ್ತಾರೆ. ಯಾವುದು ಸರಿ? ಕರೆದೊಯ್ಯುವುದಾದರೆ ಏನೇನು ಸಿದ್ಧತೆ ಬೇಕು?

ಉತ್ತರ: ಆಶ್ರಯಧಾಮದ ನಾಯಿಗಳೊಡನೆ ಕೆಲಸ ಮಾಡುವವರು ಬಳಸುವ ಸ್ಥೂಲವಾದ ಅಳತೆಯೊಂದಿದೆ: ಹೊಸ ಮನೆಗೆ ಬಂದ ನಾಯಿಯ ಮೊದಲ ದಿಗಿಲು ಇಳಿಯಲು ಮೂರು ದಿನ, ಮನೆಯ ದಿನಚರಿ ಅರ್ಥವಾಗಲು ಮೂರು ವಾರ, ಇದು ತನ್ನದೇ ಮನೆ ಎನ್ನಿಸಲು ಮೂರು ತಿಂಗಳು. ಕೆಲವು ನಾಯಿಗಳು ಇದಕ್ಕಿಂತ ಬೇಗ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಈ ಲೆಕ್ಕದಲ್ಲಿ ನೋಡಿದರೆ ನಿಮ್ಮ ನಾಯಿ ಊಟ ಎಷ್ಟು ಹೊತ್ತಿಗೆ, ಯಾವ ಬಾಗಿಲು ಎಲ್ಲಿಗೆ, ಯಾರ ಹೆಜ್ಜೆ ಸಪ್ಪಳ ಹೇಗೆ ಎಂಬುದನ್ನು ಈಗಷ್ಟೇ ಕಲಿತು ಮುಗಿಸುತ್ತಿದೆ. ಅಷ್ಟರಲ್ಲೇ ಐದು ಗಂಟೆಯ ಪ್ರಯಾಣ ಮತ್ತು ಅಪರಿಚಿತ ಮನೆ ಎದುರಾದರೆ, ಒಂದು ಸ್ಥಳಾಂತರ ಅರಗುವ ಮೊದಲೇ ಇನ್ನೊಂದು ಬಂದಂತಾಗುತ್ತದೆ. ಹಾಗೆಂದು ಪರಿಚಯದವರ ಮನೆಯಲ್ಲಿ ಬಿಡುವುದೇನೂ ಹಗುರವಾದ ಆಯ್ಕೆಯಲ್ಲ. ಅದೂ ಸ್ಥಳಾಂತರವೇ, ಮೇಲಾಗಿ ಅಲ್ಲಿ ನೀವೂ ಇರುವುದಿಲ್ಲ. ಆದ್ದರಿಂದ ನಾನು ಮಕ್ಕಳ ಪಕ್ಷಕ್ಕೇ ಸ್ವಲ್ಪ ಹೆಚ್ಚು ವಾಲುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಹೊರಡುವ ಮೊದಲು ನಾಯಿಯ ಅಭಿಪ್ರಾಯವನ್ನೂ ಕೇಳಬೇಕು.

ಕೇಳುವ ಕ್ರಮ ಕಷ್ಟದ್ದಲ್ಲ. ಮೊದಲು ಇಂಜಿನ್ ಚಾಲೂ ಮಾಡದೆ, ನಿಂತ ಕಾರಿನಲ್ಲಿ ಅದರ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮರುದಿನ ಬೀದಿಯನ್ನೊಂದು ಸುತ್ತಿ ಬನ್ನಿ. ಮುಂದಿನ ದಿನಗಳಲ್ಲಿ ಅದನ್ನು ಅರ್ಧ ಗಂಟೆಗೆ, ಒಂದು ಗಂಟೆಗೆ ಏರಿಸಿ. ಪ್ರತಿ ಸಲವೂ ಹಿಂದಿನ ಸೀಟಿನಲ್ಲಿ ಒಬ್ಬರು ಕುಳಿತು ಅದರ ಮುಖವನ್ನು ಗಮನಿಸುತ್ತಿರಲಿ. ತಿನ್ನಲು ಏನೂ ಇಲ್ಲದಿದ್ದರೂ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಿವಿಗಳನ್ನು ತಲೆಗೆ ಅಂಟಿಸಿಕೊಳ್ಳುವುದು, ಚಳಿಯಲ್ಲೂ ನಾಲಗೆ ಚಾಚಿ ಏದುಸಿರು ಬಿಡುವುದು, ಬಾಯಿಯ ಅಂಚಿನಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುವುದು: ಇವೆಲ್ಲ ಭಯದ ಅಥವಾ ಹೊಟ್ಟೆ ತೊಳಸುವಿಕೆಯ ಗುರುತುಗಳು. ಇಷ್ಟದ ತಿಂಡಿಯನ್ನು ಅಂಗೈಯಲ್ಲಿಟ್ಟು ಚಾಚಿದರೆ ನೆಮ್ಮದಿಯಾಗಿರುವ ನಾಯಿ ತಿನ್ನುತ್ತದೆ. ಹೆದರಿದ ನಾಯಿ ಮೂತಿ ತಿರುಗಿಸುತ್ತದೆ. ನಾಲ್ಕೈದು ಸವಾರಿಗಳ ಬಳಿಕವೂ ಅದು ಮೂತಿ ತಿರುಗಿಸುತ್ತಲೇ ಇದ್ದರೆ ಈ ವಾರಾಂತ್ಯ ಅದಕ್ಕೆ ಬೇಡವೆಂದು ಅರ್ಥ. ಆಗ ಪ್ರವಾಸವನ್ನು ಮುಂದೂಡಿ. ಅದು ಸಾಧ್ಯವಾಗದಿದ್ದರೆ ಮನೆಯವರಲ್ಲಿ ಒಬ್ಬರು ನಾಯಿಯ ಜೊತೆ ಮನೆಯಲ್ಲೇ ಉಳಿಯಿರಿ. ಮಕ್ಕಳಿಗೆ ಬೇಸರವಾಗುತ್ತದೆ, ನಿಜ. ಆದರೆ ಕಾರಣ ಬಿಡಿಸಿ ಹೇಳಿದರೆ ಅವರು ನಾವು ಎಣಿಸುವುದಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ.

ಸವಾರಿಯಲ್ಲಿ ಅದು ನೆಮ್ಮದಿಯಾಗಿದ್ದು, ನೀವು ಕರೆದೊಯ್ಯುವುದೆಂದು ನಿರ್ಧರಿಸಿದರೆ, ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ; ನೀರನ್ನು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ ಕೊಡಿ. ಪ್ರಯಾಣದಲ್ಲಿ ವಾಂತಿ ಮಾಡುವ ನಾಯಿಗಳಿಗೆಂದೇ ಮ್ಯಾರೋಪಿಟೆಂಟ್ ಎಂಬ ಔಷಧವಿದೆ. ಪಶುವೈದ್ಯರು ತೂಕ ನೋಡಿ ಅದರ ಪ್ರಮಾಣವನ್ನು ಬರೆದುಕೊಡುತ್ತಾರೆ. ಮನುಷ್ಯರ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಕಾರಿನಲ್ಲಿ ನಾಯಿ ಹಿಂದಿನ ಸೀಟಿನಲ್ಲಿ ಹಾರ್ನೆಸ್ (ಎದೆಯನ್ನು ಸುತ್ತುವಂತೆ ತೊಡಿಸುವ ಪಟ್ಟಿ) ತೊಟ್ಟು ಸೀಟ್ ಬೆಲ್ಟಿಗೆ ಬಿಗಿದುಕೊಂಡಿರಬೇಕು, ಇಲ್ಲವೇ ಅಲುಗದಂತೆ ಕಟ್ಟಿದ ಕ್ರೇಟಿನೊಳಗೆ (ನಾಯಿಯನ್ನು ಒಯ್ಯುವ ಗೂಡು) ಇರಬೇಕು. ಮುಂದಿನ ಸೀಟಿನಲ್ಲಾಗಲಿ ತೊಡೆಯ ಮೇಲಾಗಲಿ ಕೂರಿಸಿಕೊಂಡರೆ, ಅಪಘಾತದ ಹೊತ್ತಿನಲ್ಲಿ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ನಾಯಿಯ ಪ್ರಾಣಕ್ಕೇ ಎರವಾಗಬಹುದು. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ.

ನಿಲ್ಲಿಸುವ ಮಾತು ಬಂದದ್ದರಿಂದ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಚಳಿಗಾಲದ ಪ್ರವಾಸವೆಂದೊಡನೆ ಎಲ್ಲರೂ ಚಳಿಗೆ ಹೆದರುತ್ತಾರೆ. ಹೊಸ ನಾಯಿಯ ವಿಷಯದಲ್ಲಿ ಚಳಿಗಿಂತ ದೊಡ್ಡ ಅಪಾಯವೆಂದರೆ ಅದು ತಪ್ಪಿಸಿಕೊಂಡು ಹೋಗುವುದು. ಅದಕ್ಕೆ ನಿಮ್ಮ ಮನೆಯ ದಾರಿಯೇ ಇನ್ನೂ ಗಟ್ಟಿಯಾಗಿಲ್ಲ, ಕರೆದರೆ ಮರಳಿ ಬರುವಷ್ಟು ಹೆಸರಿನ ರೂಢಿಯೂ ಆಗಿಲ್ಲ. ಅಪರಿಚಿತ ಊರಿನಲ್ಲಿ ಅದು ಓಡಿದರೆ ಎಲ್ಲಿಗೆ ತಾನೇ ಮರಳೀತು? ಇಂಥ ಅನಾಹುತ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಕಾರಿನ ಬಾಗಿಲು ತೆರೆಯುತ್ತದೆ, ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಮಾಡುತ್ತದೆ. ನಾವು ನಾಯಿ ಮುಂದಕ್ಕೆ ಜಗ್ಗುತ್ತದೆಂದು ಹಗ್ಗವನ್ನು ಬಿಗಿಹಿಡಿದಿರುತ್ತೇವೆ, ಅದು ಮಾತ್ರ ಹಿಂದಕ್ಕೆ ಸರಿಯುತ್ತದೆ. ಮುಂಗಾಲು ಊರಿ, ತಲೆ ತಗ್ಗಿಸಿ, ಒಂದೇ ಒಂದು ಸಲ ಕೊಸರುತ್ತದೆ. ಕೊರಳಪಟ್ಟಿ ಕಿವಿಗಳ ಮೇಲಿಂದ ಜಾರಿ ಹಗ್ಗದ ಸಮೇತ ನಮ್ಮ ಕೈಯಲ್ಲಿ ಉಳಿಯುತ್ತದೆ.

ಇದನ್ನು ತಡೆಯಲು ಕೊರಳಪಟ್ಟಿಯೊಂದನ್ನೇ ನೆಚ್ಚಬೇಡಿ. ಎದೆಯನ್ನು ಸುತ್ತುವುದರ ಜೊತೆಗೆ ಪಕ್ಕೆಲುಬಿನ ಹಿಂದೆ, ಸೊಂಟದ ಕಡೆಗೆ ಇನ್ನೊಂದು ಪಟ್ಟಿಯಿರುವ ಹಾರ್ನೆಸ್ ಸಿಗುತ್ತದೆ. ಹಿಂದಕ್ಕೆ ಸರಿದು ನುಣುಚಿಕೊಳ್ಳುವ ನಾಯಿಗಳಿಗೆ ಅದೇ ಸೂಕ್ತ. ಹಾರ್ನೆಸ್ಸಿಗೆ ಒಂದು ಹಗ್ಗ, ಕೊರಳಪಟ್ಟಿಗೆ ಇನ್ನೊಂದು ಹಗ್ಗ ಇರಲಿ, ಎರಡೂ ದೊಡ್ಡವರ ಕೈಯಲ್ಲೇ ಇರಲಿ. ಪಟ್ಟಿ ಮತ್ತು ಕತ್ತಿನ ನಡುವೆ ಎರಡು ಬೆರಳು ಹಿಡಿಸುವಷ್ಟೇ ಸಡಿಲ ಸಾಕು. ಹಗ್ಗ ಸಿಕ್ಕಿಸುವ ಮೊದಲು ಕಾರಿನ ಯಾವ ಬಾಗಿಲೂ ತೆರೆಯಬಾರದೆಂಬ ನಿಯಮವನ್ನು ಮಕ್ಕಳಿಗೂ ಕಲಿಸಿ. ಕೊರಳಿನ ಬಿಲ್ಲೆಯ ಮೇಲೆ ನಿಮ್ಮ ಮೊಬೈಲ್ ಸಂಖ್ಯೆ ಇರಲಿ. ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಗಳ ಸಂಖ್ಯೆಯ ಎದುರು ನೋಂದಣಿಯಲ್ಲಿ ಈಗಲೂ ಆಶ್ರಯಧಾಮದ ವಿಳಾಸವೇ ಇದೆಯೋ ಅಥವಾ ನಿಮ್ಮದು ಸೇರಿದೆಯೋ ಎಂದು ಹೊರಡುವ ಮೊದಲು ವಿಚಾರಿಸಿ. ಹೊಸ ಮಾಲೀಕರು ಮರೆಯುವುದು ಇದನ್ನೇ. ಅಕ್ಕಿಕಾಳಿನಷ್ಟಿರುವ ಆ ಚಿಪ್ ನಾಯಿ ಎಲ್ಲಿದೆಯೆಂದು ತಿಳಿಸುವುದಿಲ್ಲ. ಸಿಕ್ಕ ನಾಯಿಯ ಮೇಲೆ ಯಾರಾದರೂ ಸ್ಕ್ಯಾನರ್ ಹಿಡಿದಾಗ ಸಂಖ್ಯೆಯನ್ನು ತೋರಿಸುತ್ತದೆ, ಅಷ್ಟೆ. ಇಷ್ಟಾಗಿಯೂ ನಾಯಿ ತಪ್ಪಿಸಿಕೊಂಡರೆ ಕೂಗುತ್ತಾ ಬೆನ್ನಟ್ಟಬೇಡಿ, ಹೆದರಿದ ನಾಯಿ ಇನ್ನೂ ದೂರ ಓಡುತ್ತದೆ. ಕಣ್ಣಿಗೆ ಕಾಣುತ್ತಿದ್ದರೆ ಅದರತ್ತ ದಿಟ್ಟಿಸದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ತಿಂಡಿ ಚೆಲ್ಲಿ. ಕಾಣದಿದ್ದರೆ, ಕೊನೆಯ ಸಲ ಕಂಡ ಜಾಗದಲ್ಲಿ ನೀವು ತೊಟ್ಟ ಬಟ್ಟೆ ಮತ್ತು ಅದರ ಹೊದಿಕೆಯನ್ನಿಟ್ಟು, ಒಬ್ಬರು ಅಲ್ಲೇ ದೂರದಲ್ಲಿ ಕಾದಿರಿ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ, ಬೆಳಕಿರುವಾಗಲೇ ಕಾಟೇಜ್ ತಲುಪುವಂತೆ ಮುಂಜಾನೆಯೇ ಹೊರಡಿ.

ಅಲ್ಲಿ ತಲುಪಿದ ಮೇಲೆ ನಾಯಿ ಕಾರಿನಲ್ಲಿ ಒಬ್ಬರ ಜೊತೆ ಇರಲಿ. ಇನ್ನೊಬ್ಬರು ಒಳಗೆ ಹೋಗಿ ಪ್ರತಿ ಕೋಣೆಯ ಮೂಲೆಗಳನ್ನೂ ಮಂಚದ ಅಡಿಯನ್ನೂ ನೋಡಿ ಬನ್ನಿ. ಜನ ಬಂದು ಹೋಗುವ ಮನೆಗಳಲ್ಲಿ ಇಲಿ ಪಾಷಾಣ ಇಟ್ಟಿರುವುದು ಅಪರೂಪವಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣವನ್ನು ತಿಂದ ನಾಯಿ ಮೊದಲ ಒಂದೆರಡು ದಿನ ಆರೋಗ್ಯವಾಗಿಯೇ ಕಾಣುತ್ತದೆ. ಆದ್ದರಿಂದ ತಿಂದ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಶೀತ ಪ್ರದೇಶಗಳಲ್ಲಿ ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ದ್ರವ ಇದಕ್ಕಿಂತಲೂ ಕ್ರೂರ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನೆಲದ ಮೇಲೆ ಸೋರಿದ್ದನ್ನು ನಾಯಿ ನೆಕ್ಕುತ್ತದೆ. ಕುಡಿದವರಂತೆ ತೂರಾಡಿ, ಬಳಿಕ ಸ್ವಲ್ಪ ಚೇತರಿಸಿಕೊಂಡಂತೆ ಕಂಡು, ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ಕೆಡುತ್ತವೆ. ಪ್ರತ್ಯೌಷಧವಿದೆ, ಆದರೆ ಅದು ಮೊದಲ ಕೆಲವೇ ಗಂಟೆಗಳೊಳಗೆ ದೇಹ ಸೇರಬೇಕು. ಹೊರಡುವ ಮೊದಲೇ ಆ ಊರಿಗೆ ಹತ್ತಿರದ, ರಾತ್ರಿಯೂ ತೆರೆದಿರುವ ಪಶುವೈದ್ಯಾಲಯದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಉಳಿದದ್ದು ಸುಲಭ. ತಟ್ಟೆ ಅದೇ, ಆಹಾರ ಅದೇ, ಒಗೆಯದ ಹಳೆಯ ಹೊದಿಕೆ ಅದೇ. ಹೊದಿಕೆಯನ್ನು ಒಗೆದು ಒಯ್ಯಬೇಡಿ. ಅದರಲ್ಲಿರುವ ಮನೆಯ ವಾಸನೆಯೇ ನಾಯಿಗೆ ಧೈರ್ಯ. ಮೊದಲ ಸಂಜೆ ಒಂದೇ ಕೋಣೆಯನ್ನು ಪರಿಚಯಿಸಿ, ರಾತ್ರಿ ನಿಮ್ಮ ಕೋಣೆಯಲ್ಲೇ ಮಲಗಿಸಿ. ಹಗಲಿಗೆ ಒಂದೇ ಸುತ್ತಾಟ ಸಾಕು. ನಾಯಿ ತನ್ನ ಹೊದಿಕೆಯ ಮೇಲೆ ಮಲಗಿದ್ದಾಗ ಯಾರೂ ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಡಿ.

ಪ್ರಶ್ನೆ: ನಮ್ಮ ಮರಿಗೆ ಹತ್ತು ವಾರ. ಒಂದು ಲಸಿಕೆ ಮಾತ್ರ ಆಗಿದೆ. ಚಳಿಯಲ್ಲಿ ರೋಗಾಣುಗಳು ಸಾಯುತ್ತವೆ, ಹಾಗಾಗಿ ಕರೆದುಕೊಂಡು ಹೋಗಬಹುದು ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಮರಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹಿಮಗಟ್ಟುವ ಚಳಿಯನ್ನೂ ತಡೆದುಕೊಳ್ಳುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ದೇಹದಲ್ಲಿರುವಷ್ಟು ಕಾಲ ಲಸಿಕೆ ಪೂರ್ತಿ ನಾಟುವುದಿಲ್ಲವಾದ್ದರಿಂದ, ಆರರಿಂದ ಎಂಟನೆಯ ವಾರದಲ್ಲಿ ಶುರುವಾದ ಚುಚ್ಚುಮದ್ದನ್ನು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಮುಂದುವರಿಸಬೇಕಾಗುತ್ತದೆ. ಅಲ್ಲಿಯವರೆಗೆ, ಹಲವು ನಾಯಿಗಳು ಓಡಾಡಿ ಹೋದ ಹುಲ್ಲಿನ ಮೇಲೆ ಮರಿಯನ್ನು ಇಳಿಸುವುದು ಸಲ್ಲದು.

ಹಾಗಾದರೆ ಬಾಗಿಲು ಹಾಕಿಕೊಂಡು ಕೂರಬೇಕೆ? ಅದೂ ಬೇಡ. ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಕಂಡು ಕೇಳಿದ್ದೆಲ್ಲ ಅದಕ್ಕೆ ಜೀವನಪೂರ್ತಿ ಸಹಜವಾಗಿ ಉಳಿಯುತ್ತದೆ. ಈ ಕಾಲ ಮತ್ತೆ ಬರುವುದಿಲ್ಲ. ಎತ್ತಿಕೊಂಡು ಹೊರಗೆ ಸುತ್ತಾಡಿಸಿ, ಲಸಿಕೆ ಪೂರ್ತಿಯಾದ ಆರೋಗ್ಯವಂತ ನಾಯಿಯಿರುವ ಪರಿಚಯದವರ ಮನೆಗೆ ಕರೆದೊಯ್ಯಿರಿ, ಕಾರಿನಲ್ಲಿ ಸಣ್ಣ ಸಣ್ಣ ಸವಾರಿ ಮಾಡಿಸಿ. ರಾತ್ರಿ ತಂಗುವ ದೂರದ ಪ್ರವಾಸಕ್ಕೆ ಮಾತ್ರ ಲಸಿಕೆಯ ಸರಣಿ ಮುಗಿಯುವವರೆಗೆ ಕಾಯಿರಿ ಎಂಬುದು ನನ್ನ ಸಲಹೆ. ಇನ್ನೊಂದು ಮಾತು: ದೊಡ್ಡ ನಾಯಿಯಂತೆ ಮರಿಯನ್ನು ಪ್ರಯಾಣಕ್ಕೆಂದು ಬಹಳ ಹೊತ್ತು ಉಪವಾಸ ಇಡಬಾರದು. ಪುಟ್ಟ ಮರಿಗಳ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಸಣ್ಣ ಊಟ ಕೊಟ್ಟು, ಎರಡು ಗಂಟೆ ಬಿಟ್ಟು ಹೊರಡಿ.

ಪ್ರಶ್ನೆ: ನಾಯಿಗೆ ಸ್ವೆಟರ್ ಬೇಕೇ? ಚಳಿ ಹೆಚ್ಚಾಯಿತೆಂದು ತಿಳಿಯುವುದು ಹೇಗೆ?

ಉತ್ತರ: ಎರಡು ಪದರದ ದಟ್ಟ ಕೂದಲಿರುವ ಹಸ್ಕಿ, ಸಮೊಯೆಡ್‌ನಂಥ ತಳಿಗಳಿಗೆ ಬೇಡ. ಗ್ರೇಹೌಂಡ್, ಚಿವಾವಾಗಳಂಥ ತೆಳುಗೂದಲಿನ ನಾಯಿಗಳಿಗೆ, ಮರಿಗಳಿಗೆ, ಮುದಿ ನಾಯಿಗಳಿಗೆ, ಕಾಯಿಲೆಯಿಂದ ಎದ್ದವಕ್ಕೆ ಬೇಕು. ಒದ್ದೆಯಾದ ಸ್ವೆಟರ್ ಬರಿ ಮೈಗಿಂತ ಹೆಚ್ಚು ತಣ್ಣಗಾಗಿಸುತ್ತದೆ, ಕೂಡಲೇ ಬಿಚ್ಚಿ ಒರೆಸಿ.

ಆರೋಗ್ಯವಂತ ನಾಯಿಯ ಮೈ ಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಡುಗುವುದು, ಬೆನ್ನು ಬಾಗಿಸಿ ನಿಲ್ಲುವುದು, ಒಂದೊಂದೇ ಕಾಲನ್ನು ನೆಲದಿಂದ ಎತ್ತಿಕೊಳ್ಳುವುದು, ಮನೆಯ ಕಡೆಗೆ ತಿರುಗುವುದು ಕಂಡರೆ ಅಲ್ಲಿಂದಲೇ ವಾಪಸಾಗಿ. ನಡುಗುತ್ತಿದ್ದ ನಾಯಿ ಮೈ ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ ಅದನ್ನು ಚೇತರಿಕೆಯೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಒಣ ಹೊದಿಕೆಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಿಮ ಬೀಳುವ ಕಡೆ ಹೋದರೆ ಪ್ರತಿ ನಡಿಗೆಯ ನಂತರ ಪಾದಗಳನ್ನು ಕೈಯಲ್ಲಿ ಹಿಡಿದು ಬೆರಳುಗಳನ್ನು ಬಿಡಿಸಿ ನೋಡಿ. ಅಲ್ಲಿನ ಕೂದಲಿಗೆ ಹಿಮ ಅಂಟಿ ಗಟ್ಟಿ ಗುಂಡುಗಳಾಗಿ, ಚರ್ಮವನ್ನು ಜಗ್ಗುತ್ತಿರುತ್ತದೆ. ಕಿತ್ತೆಳೆಯದೆ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಒರೆಸಿ. ರಸ್ತೆಯ ಹಿಮ ಕರಗಿಸಲು ಎರಚಿದ ಉಪ್ಪೂ ಇದರಿಂದ ತೊಳೆದುಹೋಗುತ್ತದೆ; ಉಳಿದರೆ ಅದು ಅಂಗಾಲನ್ನು ಉರಿಸುತ್ತದೆ, ನೆಕ್ಕಿದರೆ ಹೊಟ್ಟೆ ಕೆಡಿಸುತ್ತದೆ.

ಪ್ರಶ್ನೆ: ನಾವು ಹೊರಗೆ ಊಟಕ್ಕೆ ಹೋದಾಗ ನಾಯಿಯನ್ನು ಕೋಣೆಯಲ್ಲೋ ಕಾರಿನಲ್ಲೋ ಒಂದು ಗಂಟೆ ಬಿಡಬಹುದೇ?

ಉತ್ತರ: ಕಾರಿನಲ್ಲಿ ಬೇಡ. ನಿಂತ ಕಾರು ಸ್ವಲ್ಪ ಹೊತ್ತಿನಲ್ಲೇ ಹೊರಗಿನಷ್ಟೇ ತಣ್ಣಗಾಗುತ್ತದೆ; ಹೀಟರಿಗಾಗಿ ಇಂಜಿನ್ ಚಾಲೂ ಇಟ್ಟರೆ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುವ ಭಯವಿದೆ. ಹೊಸ ನಾಯಿಯನ್ನು ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಬಿಡುವುದೂ ಮೊದಲ ಪ್ರವಾಸಕ್ಕೆ ಹೇಳಿದ್ದಲ್ಲ. ನೀವು ಮರಳಿ ಬರುತ್ತೀರೆಂದು ಅದಕ್ಕೆ ಮನೆಯಲ್ಲೇ ಈಗಷ್ಟೇ ನಂಬಿಕೆ ಕುದುರುತ್ತಿರುತ್ತದೆ. ಅಲ್ಲಿ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ಗಾಬರಿಯಾಗಬಹುದು. ಹಲವು ತಂಗುದಾಣಗಳ ನಿಯಮವೂ ಇದಕ್ಕೆ ಅವಕಾಶ ಕೊಡುವುದಿಲ್ಲ. ನಾಯಿಗೆ ಪ್ರವೇಶವಿದೆಯೇ ಎಂದಷ್ಟೇ ಕೇಳದೆ, ಊಟದ ಕೋಣೆಗೆ ಬಿಡುತ್ತಾರೆಯೇ, ಆವರಣಕ್ಕೆ ಬೇಲಿಯಿದೆಯೇ, ಅಲ್ಲಿ ಬೇರೆ ನಾಯಿಗಳಿವೆಯೇ ಎಂಬುದನ್ನೂ ಕಾಯ್ದಿರಿಸುವ ಮೊದಲೇ ವಿಚಾರಿಸಿ. ಊಟದ ಕೋಣೆಗೆ ಬಿಡುವುದಿಲ್ಲವೆಂದಾದರೆ ಊಟವನ್ನು ಕೋಣೆಗೇ ತರಿಸಿಕೊಳ್ಳಿ, ಇಲ್ಲವೇ ಒಬ್ಬರಾದ ಮೇಲೆ ಒಬ್ಬರು ಹೋಗಿ ಉಂಡು ಬನ್ನಿ.